ಐದು ಊರಿನ ಸುತ್ತು: ಮೊದಲ ದೂರದ ಸೈಕಲ್ ಸವಾರಿಗೆ ಸಿದ್ಧತೆ

ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಮುಟ್ಟಿ ಮತ್ತೆ ಕೂಡ್ಲಿಗಿಗೆ ಬಂದರೆ ಒಂದೂವರೆ ನೂರು ಕಿಲೋಮೀಟರಿನ ಆಸುಪಾಸು. ವಿಜಯನಗರ ಜಿಲ್ಲೆಯ ಪಡುವಣ ಭಾಗವೆಲ್ಲ ಇದರಲ್ಲಿ ಬಂತು. ಮೊದಲ ಸಲಕ್ಕೆ ಎರಡು ದಿನ ಇಟ್ಟುಕೊಳ್ಳಿ, ರಾತ್ರಿ ಹಡಗಲಿಯಲ್ಲಿ ತಂಗಿ. ಗೇರ್ ಸೈಕಲ್ಲೇ ಆಗಬೇಕೆಂದಿಲ್ಲ. ದಿನಾ ಹೊಲಕ್ಕೋ ಶಾಲೆಗೋ ಓಡಾಡುವ ಸೈಕಲ್ ಗಟ್ಟಿಯಾಗಿದ್ದರೆ ಅದೇ ಸಾಕು. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಪೆಡಲ್ ತುಳಿಯಲು ಕಲಿತವರು ಈ ಸೀಮೆಯಲ್ಲಿ ಬಹಳ ಮಂದಿ.

ಇಲ್ಲಿ ಸೈಕಲ್ಲಿಗೆ ದೊಡ್ಡ ಕಾಟ ಬಳ್ಳಾರಿ ಜಾಲಿಯದು. ಉರುವಲಿಗೆಂದು ಕಡಿದು ಸಾಗಿಸುವಾಗ ಮುಳ್ಳು ರಸ್ತೆಯಂಚಿಗೆ ಉದುರುತ್ತದೆ. ಟೈರಿಗೆ ಹೊಕ್ಕ ಮುಳ್ಳು ಹೊರಗೆ ಮುರಿದುಹೋಗಿ ತುದಿಯಷ್ಟೇ ಒಳಗುಳಿಯುತ್ತದೆ, ಮೇಲಿಂದ ಕಾಣುವುದಿಲ್ಲ. ಅದನ್ನು ತೆಗೆಯದೆ ಟ್ಯೂಬಿಗೆ ತೇಪೆ ಹಾಕಿ ಹೊರಟರೆ ಮುಂದಿನ ಹಳ್ಳಿ ಮುಟ್ಟುವ ಮೊದಲೇ ಮತ್ತೆ ಪಂಕ್ಚರ್. ಬೆರಳಿಗೆ ಹಳೇ ಬಟ್ಟೆ ಸುತ್ತಿ ಟೈರಿನ ಒಳಮೈಯನ್ನು ಸುತ್ತಲೂ ಸವರಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ದಾರಿಯಲ್ಲಿ ಬಕೆಟ್ ನೀರು ಸಿಗದಿದ್ದರೆ ಗಾಳಿ ತುಂಬಿದ ಟ್ಯೂಬನ್ನು ಒದ್ದೆ ತುಟಿಯ ಹತ್ತಿರ ಹಿಡಿಯಿರಿ, ತೂತು ತಾನಾಗಿ ಗೊತ್ತಾಗುತ್ತದೆ. ಉಜ್ಜಿ, ಸಲೂಷನ್ ಹಚ್ಚಿ, ಅದರ ಹಸಿ ಆರುವ ತನಕ ಕಾಯಬೇಕು. ಅವಸರಪಟ್ಟು ಒತ್ತಿದ ತೇಪೆ ಬಿಸಿಲಿಗೆ ಕಿತ್ತು ಬರುತ್ತದೆ. ನಿಮ್ಮೂರಿನ ಪಂಕ್ಚರ್ ಅಂಗಡಿಯಲ್ಲಿ ಅರ್ಧ ದಿನ ಕೂತು ಇದನ್ನು ಕೈಯಾರೆ ಕಲಿಯಿರಿ. ಈ ಒಂದು ಕೆಲಸ ಬಂದರೆ ಸಿದ್ಧತೆ ಅರ್ಧ ಮುಗಿದಂತೆ. ಸವೆದ ಟೈರು ಮಾತ್ರ ಬೇಡವೇ ಬೇಡ. ಪಂಪು, ಸ್ಪ್ಯಾನರ್, ಒಂದು ಹೊಸ ಟ್ಯೂಬು ಜೊತೆಗಿರಲಿ.

ಮುಂಗಾರಿನಲ್ಲಿ ಪಡುವಣ ಗಾಳಿ ಜೋರು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಅದು ಎದೆಗೇ ಹೊಡೆಯುತ್ತದೆ. ಬೇಸಿಗೆಯ ಬಿಸಿಲಂತೂ ಹೇಳುವುದೇ ಬೇಡ. ದೀಪಾವಳಿ ಕಳೆದು ಸಂಕ್ರಾಂತಿಯವರೆಗಿನ ದಿನಗಳೇ ಒಳ್ಳೆಯವು. ಆದರೆ ಅದೇ ಸುಗ್ಗಿಯ ಕಾಲ: ರಸ್ತೆ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ, ತೆನೆ ಹಾಸಿ ವಾಹನಗಳ ಗಾಲಿಯಡಿ ಒಕ್ಕಣೆ ಮಾಡುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ರೈತರ ಕಾಳೂ ಉಳಿಯುತ್ತದೆ, ನಿಮ್ಮ ಮೊಣಕೈಯೂ ಉಳಿಯುತ್ತದೆ. ಮಾಘದ ಕೊಟ್ಟೂರೇಶ್ವರ ತೇರಿನ ಆಸುಪಾಸಿನಲ್ಲಿ ಕೊಟ್ಟೂರು ದಾರಿಗಳ ತುಂಬ ಪಾದಯಾತ್ರಿಗಳು. ಆಗ ರಸ್ತೆ ಅವರಿಗೇ ಇರಲಿ.

ಹೊರಡುವ ಎರಡು ವಾರ ಮೊದಲು ಕೂಡ್ಲಿಗಿ–ಕೊಟ್ಟೂರು ಹೋಗಿ ಬನ್ನಿ. ಸೀಟು ಎತ್ತರ ಸರಿಯಿದೆಯೇ ಎಂಬುದು ಆಗಲೇ ತಿಳಿಯುವುದು. ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ.

ದಾಹವಾಗುವ ಮೊದಲೇ ನೀರು ಕುಡಿಯಿರಿ. ಬೆವರು ಹೆಚ್ಚು ಹರಿದ ದಿನ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿಕೊಳ್ಳಿ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು. ಮಂಡಕ್ಕಿ ಮಿರ್ಚಿಯನ್ನು ಸಂಜೆಗೆ, ಸೈಕಲ್ ಇಳಿದ ಮೇಲೆ ತಿನ್ನಿ.

ಮೊದಲ ದಿನ ನಡುಹಗಲಿಗೆ ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿ ತಂಪಾದ ಜಾಗ. ರಾಷ್ಟ್ರಕೂಟ, ಚಾಲುಕ್ಯರ ಕಾಲದ ಕಂಬಗಳ ನಡುವೆ ಬಿಸಿಲಿಳಿಯುವ ತನಕ ಕೂರಬಹುದು. ಎರಡನೇ ದಿನ, 2024ರಲ್ಲಿ ಜೌಗು ನೆಲಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರದ ಹಕ್ಕಿಗಳಿಗೆಂದು ಒಂದು ಗಂಟೆ ತೆಗೆದಿಡಿ. ಅಷ್ಟರಲ್ಲಿ ಮಂಡಿ ನೋಯತೊಡಗಿದ್ದರೆ ಹಟಕ್ಕೆ ಬೀಳಬೇಡಿ, ಹಗರಿಬೊಮ್ಮನಹಳ್ಳಿಯಲ್ಲಿ ಲಗೇಜ್ ಆಟೊ ಹಿಡಿದು ಸೈಕಲ್ ಸಮೇತ ಕೂಡ್ಲಿಗಿಗೆ ಬನ್ನಿ.