ಕ್ಯೂಆರ್ ಫಲಕದ ಹಿಂದಿನ ಪೈಪೋಟಿ

ಡೊಂಬಿವಲಿಯ ತರಕಾರಿ ಗಾಡಿಯಿಂದ ಹಿಡಿದು ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದವರೆಗೆ, ಕ್ಯೂಆರ್ ಫಲಕವಿಲ್ಲದ ವ್ಯಾಪಾರಸ್ಥಳ ಇಂದು ಮುಂಬಯಿಯಲ್ಲಿ ವಿರಳ. ಗ್ರಾಹಕನ ಖಾತೆ ಕರ್ಣಾಟಕ ಬ್ಯಾಂಕಿನಲ್ಲಿರಲಿ, ವ್ಯಾಪಾರಿಯ ಖಾತೆ ಸ್ಟೇಟ್ ಬ್ಯಾಂಕಿನಲ್ಲಿರಲಿ, ಹಣವು ಕ್ಷಣಾರ್ಧದಲ್ಲಿ ಸಂದಾಯವಾಗುತ್ತದೆ. ಈ ಸೌಕರ್ಯವನ್ನು ಮೆಚ್ಚುವವರು ಅನೇಕರು. ಇದರ ರಚನೆಯು ಬ್ಯಾಂಕುಗಳೊಳಗಿನ ಸ್ಪರ್ಧೆಯನ್ನು ಹೇಗೆ ಮಾರ್ಪಡಿಸಿತೆಂದು ವಿಚಾರಿಸುವವರು ಕೆಲವರೇ.

ಹಿಂದಿನ ಸ್ಥಿತಿಯನ್ನು ಸ್ಮರಿಸಿದರೆ ವಿಷಯ ಸ್ಪಷ್ಟವಾದೀತು. ದೇಶದ ಮೊದಲ ಎ.ಟಿ.ಎಂ. 1987ರಲ್ಲಿ ಈ ನಗರದಲ್ಲಿಯೇ ಸ್ಥಾಪಿತವಾಯಿತು. ಯಂತ್ರಗಳು ಆಯಾ ಬ್ಯಾಂಕಿನ ಸ್ವಂತ ಆಸ್ತಿಯಾಗಿದ್ದ ಕಾಲದಲ್ಲಿ, ಹೆಚ್ಚು ಯಂತ್ರಗಳಿದ್ದ ಬ್ಯಾಂಕಿನತ್ತ ಗ್ರಾಹಕರು ಒಲಿಯುವುದು ಸಹಜವೇ ಆಗಿತ್ತು. ನಗರದಲ್ಲಿ ಬೆರಳೆಣಿಕೆಯ ಶಾಖೆಗಳಿದ್ದ ಬ್ಯಾಂಕುಗಳಿಗೆ ಇದು ದೊಡ್ಡ ತೊಡಕು. 2009ರ ಏಪ್ರಿಲ್ 1ರಿಂದ ಅನ್ಯ ಬ್ಯಾಂಕಿನ ಯಂತ್ರದಿಂದಲೂ ಶುಲ್ಕವಿಲ್ಲದೆ ಹಣ ತೆಗೆಯಲು ಅವಕಾಶ ದೊರೆತಾಗ (ಮುಂದೆ ಅದಕ್ಕೂ ಮಿತಿ ಬಂದಿತು) ಆ ಅಂತರ ತಗ್ಗಿತು.

2016ರ ಏಪ್ರಿಲ್ 11ರಂದು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ರಘುರಾಮ್ ರಾಜನ್ ಅವರು ಮುಂಬಯಿಯಲ್ಲಿ ಉದ್ಘಾಟಿಸಿದ ಯುಪಿಐ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತು ಪ್ರವರ್ತಕ ಬ್ಯಾಂಕುಗಳಲ್ಲಿ ಮಂಗಳೂರಿನಲ್ಲಿ ಜನಿಸಿದ ಕೆನರಾ ಬ್ಯಾಂಕೂ ಒಂದು. ಇಲ್ಲಿ ಖಾತೆ ಒಂದೆಡೆ, ಆ್ಯಪ್ ಇನ್ನೊಂದೆಡೆ. ಚಿಕ್ಕ ಬ್ಯಾಂಕಿನ ಖಾತೆಯೂ ದೊಡ್ಡ ಬ್ಯಾಂಕಿನ ಖಾತೆಯಷ್ಟೇ ಉಪಯುಕ್ತವಾಯಿತು. ಆದರೆ ಗ್ರಾಹಕನ ಕಣ್ಣಿಗೆ ಬೀಳುವುದು ಬ್ಯಾಂಕಲ್ಲ, ಫೋನ್‌ಪೇ ಅಥವಾ ಗೂಗಲ್ ಪೇ.

ಬ್ಯಾಂಕುಗಳು ಇದನ್ನು ಸುಮ್ಮನೆ ಒಪ್ಪಲಿಲ್ಲ. 2017ರ ಜನವರಿಯಲ್ಲಿ ಐಸಿಐಸಿಐ ಬ್ಯಾಂಕು ಫೋನ್‌ಪೇ ಮೂಲಕ ಬರುವ ವ್ಯವಹಾರಗಳನ್ನು ತಡೆಹಿಡಿಯಿತು. ಕೆಲವು ವಾರಗಳ ಬಳಿಕವೇ ದಾರಿ ತೆರೆಯಿತು. ಮೂರು ವರ್ಷಗಳ ತರುವಾಯ, 2020ರ ಮಾರ್ಚ್ 5ರಂದು, ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಿತು. ಫೋನ್‌ಪೇಯನ್ನು ಯುಪಿಐ ಜಾಲಕ್ಕೆ ಜೋಡಿಸುತ್ತಿದ್ದುದು ಆ ಬ್ಯಾಂಕೊಂದೇ. ಯೆಸ್ ಬ್ಯಾಂಕಿನಲ್ಲಿ ಒಂದು ಬಿಡಿಗಾಸನ್ನೂ ಇಡದವರ ಫೋನ್‌ಪೇ ಕೂಡ ಒಮ್ಮೆಲೇ ಸ್ತಬ್ಧವಾಯಿತು! ಆಗ ನೆರವಿಗೆ ಬಂದು ಜಾಲಕ್ಕೆ ಮತ್ತೆ ಜೋಡಿಸಿದ್ದು ಅದೇ ಐಸಿಐಸಿಐ ಬ್ಯಾಂಕು. ವ್ಯಾಪಾರದಲ್ಲಿ ಶಾಶ್ವತ ಹಗೆತನವಿಲ್ಲವಷ್ಟೆ.

ಇನ್ನು ವೆಚ್ಚದ ಮಾತು. 2020ರ ಜನವರಿ 1ರಿಂದ ಖಾತೆಯಿಂದ ನೇರವಾಗಿ ನಡೆಯುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ಸರಕಾರದ ಪ್ರೋತ್ಸಾಹಧನವಿದ್ದರೂ ಸರ್ವರುಗಳ ಭಾರ ಹೊರುವುದು ಬ್ಯಾಂಕೇ. ಬೃಹತ್ ಬ್ಯಾಂಕಿಗೆ ಹಗುರವಾದುದು ನಗರ ಸಹಕಾರಿ ಬ್ಯಾಂಕಿಗೆ ಹಗುರವೆನ್ನಲಾಗದು. ಇತ್ತ ಎರಡೇ ಆ್ಯಪುಗಳ ಕೈಯಲ್ಲಿ ಬಹುಪಾಲು ವ್ಯವಹಾರ ಕೇಂದ್ರೀಕೃತವಾಗಿದೆ. ಯಾವ ಆ್ಯಪೂ ಶೇಕಡಾ 30ನ್ನು ಮೀರಬಾರದೆಂದು ಎನ್‌ಪಿಸಿಐ 2020ರಲ್ಲಿ ನಿಯಮ ಮಾಡಿದರೂ ಅದರ ಗಡುವನ್ನು 2026ರ ಅಂತ್ಯದವರೆಗೆ ಮುಂದೂಡಲಾಯಿತು.

ಬ್ಯಾಂಕುಗಳು ನಿಜಕ್ಕೂ ಕಳೆದುಕೊಂಡಿರುವುದು ಶುಲ್ಕಕ್ಕಿಂತ ಹೆಚ್ಚಾಗಿ ಪರಿಚಯವನ್ನು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ, ದಿನವೂ ಅಂಗಡಿಗೆ ಬರುತ್ತಿದ್ದ ಸಂಗ್ರಾಹಕನಿಗೆ ಅಂಗಡಿಯ ಏಳುಬೀಳು ತಿಳಿದಿರುತ್ತಿತ್ತು. ಸಾಲ ಕೊಡುವಾಗ ಬ್ಯಾಂಕಿಗೆ ಆ ತಿಳಿವಳಿಕೆಯೇ ಆಧಾರ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಹೋಟೆಲಿನ ದೈನಂದಿನ ಗಳಿಕೆಯ ಲೆಕ್ಕ ಇಂದು ಗಲ್ಲಾದ ಬಳಿ ಜಮೆಯನ್ನು ಕೂಗಿ ಹೇಳುವ ಪೆಟ್ಟಿಗೆಯ ಒಡೆಯನಾದ ಆ್ಯಪ್ ಕಂಪನಿಗೂ ತಿಳಿದಿದೆ. ಸಾಲ ಬೇಕೇ ಎಂಬ ಪ್ರಶ್ನೆಯೂ ಹಲವು ವೇಳೆ ಅಲ್ಲಿಂದಲೇ ಮೊದಲು ಬರುತ್ತದೆ.