ಹಿತ್ತಲಲ್ಲಿ ಐವತ್ತು ಅಡಿಯ ಕಂಬ

ದೂರದರ್ಶನದ ಕಾಲವನ್ನು ಕಂಡವರಿಗೆ ಆ ದೃಶ್ಯ ಮರೆತಿರಲಾರದು. ಮನೆಯ ತಾರಸಿಯ ಮೇಲೆ ಕಬ್ಬಿಣದ ಕೊಳವೆ, ಅದರ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ. ಗಾಳಿ ಬೀಸಿ ಅದು ತಿರುಗಿಬಿಟ್ಟರೆ ಪರದೆಯ ತುಂಬ ಮರಳು. ಒಬ್ಬರು ಮೇಲೆ ಹತ್ತಿ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬರು "ಬಂತು, ಬಂತು... ಅಯ್ಯೋ ಹೋಯ್ತು!" ಎಂದು ಕೂಗಬೇಕು. ಆ ಕಂಬ ನೆಡಲು ಆಗ ಯಾರ ಅನುಮತಿಯನ್ನೂ ನಾವು ಕೇಳಿದ ನೆನಪಿಲ್ಲ. ಕಂಬ ಇದ್ದ ಮನೆ ಎಂದರೆ ಟಿ.ವಿ. ಇರುವ ಮನೆ, ಅದೇ ಒಂದು ಹೆಮ್ಮೆ.

ಅಂಥದೇ ಒಂದು ಕಂಬಕ್ಕಾಗಿ ಅಮೆರಿಕದಲ್ಲಿರುವ ನನ್ನ ಮಗ ಒಂಬತ್ತು ತಿಂಗಳು ಕಾಯಬೇಕಾಯಿತು. ಕೊನೆಯ ಮೂರು ತಿಂಗಳು ನಾನೂ ಅಲ್ಲೇ ಇದ್ದೆ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ಹನ್ನೊಂದು ವರ್ಷದ ಮೊಮ್ಮಗಳು ಸುದ್ದಿ ಹೇಳಿಬಿಟ್ಟಳು: "ಅಜ್ಜಿ, ಪಕ್ಕದ ಮನೆಯವರು ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾರೆ. ಆಂಟೆನಾ ವಿಷಯ."

ಹವ್ಯಾಸಿಗಳ ಆಕಾಶವಾಣಿ

ಮಗ ಬೆಂಗಳೂರಿನಲ್ಲಿ ಕಾಲೇಜು ಓದುವಾಗಲೇ ಹ್ಯಾಮ್ ಆದವನು. ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೊ ಬಳಸುವವರು. ಅವರು ಪರೀಕ್ಷೆ ಬರೆದು, ಸರ್ಕಾರದಿಂದ ಪರವಾನಗಿ ಮತ್ತು ಒಂದು ಕರೆ ಸಂಕೇತ ಪಡೆದು, ತಮ್ಮದೇ ಯಂತ್ರದಿಂದ ಊರೂರಿನ, ದೇಶದೇಶದ ಹ್ಯಾಮ್‌ಗಳ ಜೊತೆ ಮಾತಾಡುತ್ತಾರೆ. ನಡುವೆ ಫೋನ್ ಕಂಪನಿಯೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ನಮ್ಮ ದೇಶದವರ ಕರೆ ಸಂಕೇತ ವಿಯು ಅಕ್ಷರಗಳಿಂದ ಶುರುವಾಗುತ್ತದೆ. ಪರೀಕ್ಷೆಗೆ ಕೂರಲು ಇಲ್ಲಿ 12 ವರ್ಷ ತುಂಬಿರಬೇಕು. ಅಮೆರಿಕದಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಹಾಗಾಗಿ ಮೊಮ್ಮಗಳು ಹನ್ನೊಂದಕ್ಕೇ ಮೊದಲ ಹಂತದ ಪರವಾನಗಿ ಪಡೆದು ಕೂತಿದ್ದಳು.

ಬೆಂಗಳೂರಿನ ಹಳೆಯ ಗೆಳೆಯರ ಜೊತೆ ಮತ್ತೆ ಮಾತಾಡಬೇಕು, ಮಗಳಿಗೂ ಕಲಿಸಬೇಕು ಎಂಬುದು ಅವನ ಆಸೆ. ಅದಕ್ಕೆ ಹಿತ್ತಲಲ್ಲಿ 50 ಅಡಿಯ ಕಂಬ ಬೇಕು ಎಂದು ಲೆಕ್ಕ ಹಾಕಿದ್ದ. ಆ ಊರಿನ ನಿಯಮದ ಪ್ರಕಾರ ವಾಸದ ಬಡಾವಣೆಯಲ್ಲಿ 35 ಅಡಿಗಿಂತ ಎತ್ತರದ್ದು ಏನೇ ಕಟ್ಟಿದರೂ ವಿಶೇಷ ಅನುಮತಿ ಬೇಕು.

"ಅಷ್ಟೆತ್ತರ ಏಕಪ್ಪ? ಮನೆಯ ಮೇಲೇ ಒಂದು ತಂತಿ ಕಟ್ಟಿಕೊಂಡರೆ ಆಗದೇ?" ಎಂದು ನಾನೂ ಕೇಳಿದೆ.

ಎತ್ತರದ ಲೆಕ್ಕ

ಉತ್ತರ ಕೊಟ್ಟವಳು ಮೊಮ್ಮಗಳು. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸುವ ಆಟ ನೀವು ಆಡಿರಬಹುದು. ಕಲ್ಲನ್ನು ನೀರಿಗೆ ಹತ್ತಿರವಾಗಿ, ಓರೆಯಾಗಿ ಬೀಸಿದರೆ ಅದು ಜಿಗಿಜಿಗಿದು ದೂರ ಹೋಗುತ್ತದೆ. ರೇಡಿಯೊ ಅಲೆಯ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ಭೂಮಿಯ ಮೇಲೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಬೆಳಕಿನಿಂದ ವಿದ್ಯುದಾವೇಶ ಪಡೆದ ಅನಿಲದ ಪದರವಿದೆ. ಅದರ ಹೆಸರು ಅಯಾನುಗೋಳ. ಅಲೆ ಓರೆಯಾಗಿ ಹೋಗಿ ಅದಕ್ಕೆ ತಾಕಿದರೆ ಸಾವಿರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತದೆ. ನೆಟ್ಟಗೆ ಮೇಲಕ್ಕೆ ಹೋದರೆ ಹತ್ತಿರದಲ್ಲೇ ಬೀಳುತ್ತದೆ.

ಆಂಟೆನಾ ನೆಲಕ್ಕೆ ತೀರ ಹತ್ತಿರವಿದ್ದರೆ ಅದರ ಶಕ್ತಿಯ ಬಹುಪಾಲು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಓರೆಯಾಗಿ ಹೋಗಬೇಕಾದರೆ ಅದು ಅಲೆಯ ಉದ್ದದ ಅರ್ಧದಷ್ಟಾದರೂ ಎತ್ತರದಲ್ಲಿರಬೇಕು. ದೂರದ ಮಾತಿಗೆ ಹ್ಯಾಮ್‌ಗಳು ಹೆಚ್ಚಾಗಿ ಬಳಸುವುದು 14 ಮೆಗಾಹರ್ಟ್ಸ್ ಪಟ್ಟಿ. ಅಲ್ಲಿ ಅಲೆಯ ಉದ್ದ ಸುಮಾರು 21 ಮೀಟರ್. ಅದರ ಅರ್ಧ ಎಂದರೆ ಸುಮಾರು 35 ಅಡಿ. 7 ಮೆಗಾಹರ್ಟ್ಸ್ ಪಟ್ಟಿಗೆ ಹೋದರೆ ಅರ್ಧ ಅಲೆಯೇ 70 ಅಡಿಯ ಹತ್ತಿರ. ಕಂಬದ ಎತ್ತರ ಜಂಬಕ್ಕಲ್ಲ, ಲೆಕ್ಕಕ್ಕೆ ಎಂದು ನನಗೆ ಅರ್ಥವಾದದ್ದು ಆಗ.

ಆದರೆ ಪಕ್ಕದ ಮನೆಯವರ ಲೆಕ್ಕ ಬೇರೆ. ಕಂಬ ಗಾಳಿಗೆ ನಮ್ಮ ಮೇಲೆ ಬಿದ್ದರೆ? ನಮ್ಮ ಟಿ.ವಿ. ಕೆಟ್ಟರೆ? ಕಿಟಕಿ ತೆರೆದರೆ ದಿನವೂ ಅದೇ ಕಾಣಬೇಕೇ? ನಾಳೆ ಮನೆ ಮಾರುವಾಗ ಬೆಲೆ ಇಳಿದರೆ? ಆ ಹಿರಿಯರು ಬೀದಿಯವರಿಂದ ಸಹಿ ಮಾಡಿಸಿ ನಗರ ಕಚೇರಿಗೆ ಕಾಗದ ಕೊಟ್ಟಿದ್ದರು. ಅವರನ್ನು ಕೆಟ್ಟವರೆಂದು ಹೇಳಲಾರೆ. ನಮ್ಮ ಮನೆ ಪಕ್ಕ ಮೊಬೈಲ್ ಟವರ್ ಬರುತ್ತದೆಂದರೆ ನಾವೂ ಸುಮ್ಮನೆ ಕೂರುವುದಿಲ್ಲವಲ್ಲ.

ಊರಿನ ನಿಯಮ, ದೇಶದ ನಿಯಮ

ಯಾವ ಬಡಾವಣೆಯಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಷ್ಟು ಎತ್ತರ, ಗಡಿಯಿಂದ ಎಷ್ಟು ದೂರ ಎಂದು ತೀರ್ಮಾನಿಸುವುದು ಅಮೆರಿಕದಲ್ಲಿ ಊರಿನ ಆಡಳಿತದ ಕೆಲಸ. ಇದನ್ನು ಜೋನಿಂಗ್ ಎನ್ನುತ್ತಾರೆ. ಊರುಗಳಿಗೆ ಈ ಅಧಿಕಾರ ಉಂಟು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1926ರಲ್ಲಿ ಎತ್ತಿಹಿಡಿಯಿತು. ರೇಡಿಯೊ ಪರವಾನಗಿ ಕೊಡುವುದು ಮಾತ್ರ ಕೇಂದ್ರದ ಸಂವಹನ ಆಯೋಗ, ಅಂದರೆ ಎಫ್‌ಸಿಸಿ. ಕೇಂದ್ರ "ಮಾತಾಡು" ಎನ್ನುತ್ತದೆ, ಊರು "ಕಂಬ ನೆಡಬೇಡ" ಎನ್ನುತ್ತದೆ. ಮಾಡುವುದೇನು?

ಹವ್ಯಾಸಿಗಳ ರಾಷ್ಟ್ರೀಯ ಸಂಘ ಎಆರ್‌ಆರ್‌ಎಲ್ 1984ರಲ್ಲಿ ಈ ಪ್ರಶ್ನೆಯನ್ನು ಆಯೋಗದ ಮುಂದಿಟ್ಟಿತು. 1985ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಮಾನವನ್ನು ಹ್ಯಾಮ್‌ಗಳು ಪಿಆರ್‌ಬಿ-1 ಎಂದು ಕರೆಯುತ್ತಾರೆ. ಅದರ ಸಾರ ಇಷ್ಟು: ಆರೋಗ್ಯ, ಸುರಕ್ಷತೆ, ಅಂದಚೆಂದಕ್ಕಾಗಿ ಊರು ನಿಯಮ ಮಾಡಬಹುದು. ಆದರೆ ಆ ನಿಯಮ ಹವ್ಯಾಸಿ ರೇಡಿಯೊಗೆ ನ್ಯಾಯವಾಗಿ ಜಾಗ ಬಿಡುವಂತಿರಬೇಕು. ಉದ್ದೇಶ ಸಾಧಿಸಲು ಎಷ್ಟು ಬೇಕೋ ಅಷ್ಟೇ ಬಿಗಿ ಇರಬೇಕು, ಹೆಚ್ಚಿರಬಾರದು. ಇಷ್ಟು ಅಡಿ ಎಂದು ಅದು ಹೇಳಲಿಲ್ಲ. ಅದನ್ನು ಆಯಾ ಊರಿನವರು ಕೂತು ಮಾತಾಡಿ ತೀರ್ಮಾನಿಸಬೇಕು. ಮುಂದೆ ಕೆಲವು ರಾಜ್ಯಗಳು ತಾವೇ ಕಾನೂನು ಮಾಡಿಕೊಂಡವು.

ಮಾತಾಡದೆ ತಳ್ಳಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಮಿನ್ನೆಸೋಟ ರಾಜ್ಯದ ಮೆಂಡೋಟ ಹೈಟ್ಸ್ ಎಂಬ ಊರು ಉದಾಹರಣೆ. ಅಲ್ಲಿ ಮಿತಿ 25 ಅಡಿ. ಹ್ಯಾಮ್ ಮಹಿಳೆಯೊಬ್ಬರು ಕೇಳಿದ್ದು 68 ಅಡಿ. ಊರು ಅರ್ಜಿಯನ್ನು ತಿರಸ್ಕರಿಸಿತು. ಪ್ರಕರಣ ಮೇಲಿನ ನ್ಯಾಯಾಲಯಕ್ಕೆ ಹೋಗಿ 1994ರಲ್ಲಿ ತೀರ್ಪು ಬಂತು: ಊರು ವಿಷಯವನ್ನು ಸರಿಯಾಗಿ ಪರಿಶೀಲಿಸಬೇಕು, ಅರ್ಜಿದಾರರ ಜೊತೆ ಒಪ್ಪಂದಕ್ಕೆ ಪ್ರಯತ್ನಿಸಬೇಕು, ಸುಮ್ಮನೆ ಆಗದು ಎನ್ನುವಂತಿಲ್ಲ.

ಇದನ್ನೆಲ್ಲ ಓದಿದ ಮಗ ವಕೀಲರ ಹತ್ತಿರ ಹೋಗುತ್ತೇನೆ ಎಂದು ಎದ್ದ. ಸೊಸೆ ತಡೆದಳು. "ಕೇಸು ಗೆಲ್ಲಬಹುದು ರೀ. ಆಮೇಲೂ ನಾವು ಇದೇ ಮನೆಯಲ್ಲಿ, ಅವರ ಪಕ್ಕದಲ್ಲೇ ಇರಬೇಕಲ್ಲ?"

ಮೂರು ನಿಮಿಷ

ಅಲ್ಲಿಗೆ ಅವರ ದಾರಿ ಬದಲಾಯಿತು. ಕಂಬದ ನಕ್ಷೆ, ಅಡಿಪಾಯದ ಕಾಂಕ್ರೀಟ್ ಲೆಕ್ಕ, ಎಷ್ಟು ಗಾಳಿ ತಡೆಯುತ್ತದೆ ಎಂಬ ಎಂಜಿನಿಯರ್ ಪತ್ರ, ಎಲ್ಲವನ್ನೂ ಮಗ ಸಿದ್ಧಮಾಡಿಕೊಂಡ. ಹಿತ್ತಲಲ್ಲಿ ಜಾಗವನ್ನೂ ಬದಲಿಸಿದ: ಪಕ್ಕದವರ ಬೇಲಿಯಿಂದ ದೂರ, ತಮ್ಮದೇ ಮನೆಯ ಹಿಂಗೋಡೆಗೆ ಹತ್ತಿರ. ಮುಖ್ಯವಾಗಿ, ಗಟ್ಟಿ ಕಂಬದ ಬದಲು ಒಂದರೊಳಗೊಂದು ಸೇರಿಕೊಳ್ಳುವ ಕಂಬ ಆರಿಸಿದ. ಕೈಹಿಡಿ ತಿರುಗಿಸಿದರೆ 50 ಅಡಿಗೆ ಏರುತ್ತದೆ. ಇಳಿಸಿದರೆ 21 ಅಡಿ, ಎರಡು ಅಂತಸ್ತಿನ ಮನೆಯ ಹಿಂದೆ ಬೀದಿಗೆ ಕಾಣುವುದೇ ಇಲ್ಲ.

ಬಹಿರಂಗ ವಿಚಾರಣೆಯ ಸಂಜೆ ನಗರ ಕಚೇರಿಯ ಸಭಾಂಗಣದಲ್ಲಿ ಮೂವತ್ತು ಜನ. ಒಬ್ಬೊಬ್ಬರಿಗೆ ಮೂರು ನಿಮಿಷ. ಪಕ್ಕದ ಹಿರಿಯರು ಮೊದಲು ಮಾತಾಡಿದರು. ಟಿ.ವಿ. ತೊಂದರೆಯ ಮಾತು ಬಂದಾಗ ಸಮಿತಿಯ ಅಧ್ಯಕ್ಷರು, ರೇಡಿಯೊ ಅಡಚಣೆಯ ವಿಷಯ ಎಫ್‌ಸಿಸಿಗೆ ಸೇರಿದ್ದು, ಊರು ಅದನ್ನು ತೀರ್ಮಾನಿಸಲಾಗದು ಎಂದರು. ಮಗ ಎದ್ದು, "ಕಾನೂನು ಹಾಗಿರಲಿ ಸರ್, ನಿಮ್ಮ ಟಿ.ವಿ.ಯಲ್ಲಿ ಏನಾದರೂ ಕಂಡರೆ ನನಗೆ ಫೋನ್ ಮಾಡಿ. ಬಂದು ಸರಿಮಾಡಿ ಕೊಡುತ್ತೇನೆ. ಆಗದಿದ್ದರೆ ಆ ಹೊತ್ತಿನಲ್ಲಿ ನಾನು ಮಾತಾಡುವುದಿಲ್ಲ" ಎಂದ.

ಆಮೇಲೆ ಮೊಮ್ಮಗಳ ಸರದಿ. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಅವಳು ಹೇಳಿದ್ದು ನಮ್ಮ ದೇಶದ ಕಥೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮತ್ತು ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿ ಆಂಟೆನಾ ಕಟ್ಟಿತ್ತು. ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡುವ ಹವ್ಯಾಸಕ್ಕಷ್ಟೇ. ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಬಂತು. ಫೋನುಗಳು ಸತ್ತವು. ಆ ಹವ್ಯಾಸದ ರೇಡಿಯೊ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು; ತಮ್ಮವರು ಬದುಕಿದ್ದಾರೆಯೇ ಎಂದು ಕಾಯುತ್ತಿದ್ದ ಎಷ್ಟೋ ಮನೆಗಳಿಗೆ ಉತ್ತರ ತಲುಪಿಸಿತು.

"ಅವರು ಸುನಾಮಿ ಬರುತ್ತದೆ ಎಂದು ಆಂಟೆನಾ ಕಟ್ಟಿರಲಿಲ್ಲ. ಮೊದಲೇ ಕಟ್ಟಿದ್ದರಿಂದ ಅದು ಕೆಲಸಕ್ಕೆ ಬಂತು. ಬಿರುಗಾಳಿ ಬಂದ ಮೇಲೆ ಅರ್ಜಿ ಹಾಕಲು ಆಗುವುದಿಲ್ಲ" ಎಂದು ಹೇಳಿ ಅವಳು ಕೂತಳು. ಇನ್ನೂ ಒಂದು ನಿಮಿಷ ಉಳಿದಿತ್ತು.

ಅನುಮತಿ ಸಿಕ್ಕಿತು, ಷರತ್ತುಗಳ ಜೊತೆ. ಬಳಸದಿರುವಾಗ ಕಂಬ ಇಳಿಸಿರಬೇಕು. ಮಕ್ಕಳು ಹತ್ತದಂತೆ ಬುಡಕ್ಕೆ ತಡೆ ಇರಬೇಕು. ಸಿಡಿಲಿಗೆ ಭೂಸಂಪರ್ಕ ಕೊಡಬೇಕು.

ಗೆಳತಿಯ ಮನೆಯ ಬೇರೆ ಕಥೆ

ಮೊಮ್ಮಗಳ ಗೆಳತಿಗೂ ಇದೇ ಹುಚ್ಚು. ಆದರೆ ಅವಳ ಮನೆ ಇರುವುದು ನಿವಾಸಿಗಳ ಸಂಘವಿರುವ ಬಡಾವಣೆಯಲ್ಲಿ. ಮನೆ ಕೊಳ್ಳುವಾಗಲೇ "ಹೊರಗೆ ಆಂಟೆನಾ ಹಾಕುವುದಿಲ್ಲ" ಎಂಬ ಕರಾರಿಗೆ ಅಪ್ಪ ಅಮ್ಮ ಸಹಿ ಹಾಕಿದ್ದಾರೆ. ಪಿಆರ್‌ಬಿ-1 ಸರ್ಕಾರಿ ನಿಯಮಗಳಿಗೆ ಅನ್ವಯಿಸುತ್ತದೆ, ಇಂಥ ಖಾಸಗಿ ಕರಾರಿಗಲ್ಲ. ಸ್ವಂತ ಜಾಗದಲ್ಲಿ ಒಂದು ಮೀಟರ್‌ವರೆಗಿನ ಟಿ.ವಿ. ಡಿಶ್ ಹಾಕಿದರೆ ಸಂಘ ತಡೆಯುವಂತಿಲ್ಲ ಎಂಬ ಕೇಂದ್ರದ ನಿಯಮ 1996ರಿಂದ ಇದೆ. ಹ್ಯಾಮ್ ಆಂಟೆನಾಗೆ ಆ ರಕ್ಷಣೆ ಇಲ್ಲ.

ಅವಳಿಗೂ ದಾರಿ ಸಿಕ್ಕಿತು. ಮೊದಲ ಹಂತದ ಪರವಾನಗಿಯವರು 28 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗದಲ್ಲಿ ಮಾತಾಡಬಹುದು. ಅದಕ್ಕೆ ಬೇಕಾದ ತಂತಿಯ ಉದ್ದ ಬರೀ ಹದಿನಾರೂವರೆ ಅಡಿ. ಅಲ್ಲಿನ ಮರದ ಮನೆಗಳ ಮಾಡಿನೊಳಗಿನ ಅಟ್ಟದಲ್ಲಿ ಅದು ಆರಾಮವಾಗಿ ಹಿಡಿಸುತ್ತದೆ. ಮರದ ಮಾಡು ಅಲೆಯನ್ನು ತಡೆಯುವುದಿಲ್ಲ, ತಗಡಿನದಾದರೆ ತಡೆಯುತ್ತದೆ. ಕೆಳಗೇ ಮಲಗುವ ಕೋಣೆ ಇರುವುದರಿಂದ ಶಕ್ತಿ ಕಡಿಮೆ ಇಟ್ಟು, ಸುರಕ್ಷತೆಯ ಲೆಕ್ಕ ಮಾಡಿಯೇ ಬಳಸುತ್ತಾಳೆ. ಹೊರಗಿನವರಿಗೆ ಏನೂ ಕಾಣದು. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಅಷ್ಟೇ ತಂತಿಯಿಂದ ಖಂಡ ದಾಟಿ ಮಾತಾಡಬಹುದು.

ನಮ್ಮ ತಾರಸಿಯಲ್ಲಿ

ಬೆಂಗಳೂರು ದೇಶದಲ್ಲೇ ಹ್ಯಾಮ್‌ಗಳು ಹೆಚ್ಚಿರುವ ಊರುಗಳಲ್ಲಿ ಒಂದು. ಮೈಸೂರು, ಮಂಗಳೂರು ಕಡೆಯೂ ಹ್ಯಾಮ್‌ಗಳಿದ್ದಾರೆ. ಸ್ವಂತ ಮನೆಯವರ ಮಾತು ಬೇರೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಒಂದು ಸಂಗತಿ ತಿಳಿದಿರಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ತಾರಸಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಜಾಗ. ಮೇಲಿನ ಮಹಡಿಯವರದೂ ಅಲ್ಲ, ಮೊದಲು ಹತ್ತಿದವರದೂ ಅಲ್ಲ. ಹಾಗಾಗಿ ಸಂಘದ ಸಭೆಯಲ್ಲಿ ಬಾಯಿಬಿಟ್ಟು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದೇ ಸರಿಯಾದ ದಾರಿ. ನಕ್ಷೆ ತೋರಿಸಿ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ಜಾಗಕ್ಕೂ ಅಡ್ಡವಾಗದು ಎಂದು ತೋರಿಸಿ. ಒಮ್ಮೆ ರೇಡಿಯೊ ಕೇಳಿಸಿ. ವಿಮಾನ ನಿಲ್ದಾಣದ ಸುತ್ತ ಎತ್ತರಕ್ಕೆ ಮಿತಿ ಇದೆ ಎಂಬುದೂ ನೆನಪಿರಲಿ.

ಮಕ್ಕಳಿಗೆ ಒಂದು ಮಾತು. ವಿದ್ಯುತ್ ತಂತಿ ಹಾದುಹೋಗುವ ಕಡೆ ಕಂಬವನ್ನಾಗಲಿ, ತಂತಿಯನ್ನಾಗಲಿ ಎತ್ತಲೇಬಾರದು. ಕಂಬ ಯಾವ ಕಡೆಗೆ ಬಿದ್ದರೂ ವಿದ್ಯುತ್ ತಂತಿಗೆ ತಾಕದಷ್ಟು ದೂರ ಇರಬೇಕು. ದೊಡ್ಡವರಿಲ್ಲದೆ ತಾರಸಿ ಹತ್ತಿ ಈ ಕೆಲಸ ಮಾಡಬೇಡಿ.

ನಾನು ಹಿಂತಿರುಗುವ ವಾರ ಕಂಬ ಮೊದಲ ಬಾರಿ ಏರಿತು. ಪಕ್ಕದ ಹಿರಿಯರು ಕಿಟಕಿಯ ಹಿಂದೆ ನಿಂತು ನೋಡಿದರು; ಹೊರಗೆ ಬರಲಿಲ್ಲ. ಬೆಳಗಿನ ಜಾವ ಮಗ ಹೆಡ್‌ಫೋನ್ ತೆಗೆದು ಸದ್ದನ್ನು ಕೋಣೆಗೆ ಬಿಟ್ಟ. ಗೊರಗೊರದ ನಡುವೆ ಒಂದು ದನಿ, ವಿಯು ಎಂದು ಶುರುವಾದ ಕರೆ ಸಂಕೇತ, ಆಮೇಲೆ ಕನ್ನಡದಲ್ಲೇ "ಹೇಗಿದ್ದೀಯಾ ಮಾರಾಯ?" ಮಗ ಮಾತಾಡಲಾರದೆ ಒಂದು ಕ್ಷಣ ಸುಮ್ಮನಾದ.

ಮಾತು ಮುಗಿದ ಮೇಲೆ ಮೊಮ್ಮಗಳು ಹಿತ್ತಲಿಗೆ ಹೋಗಿ ಅಪ್ಪನ ಜೊತೆ ಕೈಹಿಡಿ ತಿರುಗಿಸಿ ಕಂಬ ಇಳಿಸಿದಳು. ಬೇಲಿಯಾಚೆ ಹಿರಿಯರು ಗಿಡಗಳಿಗೆ ನೀರು ಹಾಕುತ್ತಿದ್ದರು. ಕಂಬ ಪೂರ್ತಿ ಇಳಿಯುವವರೆಗೂ ನೋಡಿ, ಒಮ್ಮೆ ತಲೆಯಾಡಿಸಿ, ನೀರು ಹಾಕುವುದನ್ನು ಮುಂದುವರಿಸಿದರು. ಒಂಬತ್ತು ತಿಂಗಳಲ್ಲಿ ಅದೇ ಮೊದಲ ಮಾತು ಎಂದಳು ಮೊಮ್ಮಗಳು.