ಮಯಾಮಿಯಲ್ಲಿ ಮಾತು ಶುರು ಮಾಡೋದು ಹೇಗೆ?

ಮಯಾಮಿಯ ಕಾಯೆ ಓಚೊ ಬೀದಿ. ಕಾಫಿ ಮಾರುವ ಕಿಟಕಿ ಮುಂದೆ ನಿಂತರೆ ಮೊದಲು ಕಿವಿಗೆ ಬೀಳೋದೇ ಸ್ಪ್ಯಾನಿಷ್. ‘ಬುಯೆನೋಸ್ ದಿಯಾಸ್’ (ಶುಭೋದಯ) ಅನ್ನಿ, ಆಮೇಲೆ ಕಾಫಿ ಕೇಳಿ. ನೀವು ತಡವರಿಸಿದ್ದು ನೋಡಿ ಅಂಗಡಿಯಾಕೆ ಇಂಗ್ಲಿಷಿಗೆ ಹೊರಳಿದರೆ ಬೇಜಾರಾಗಬೇಡಿ, ಅದು ಉಪಚಾರ.

ಮುಖ, ಹೆಸರು ನೋಡಿ ಭಾಷೆ ಊಹಿಸಬೇಡಿ. ಹೆಸರು ಗಾರ್ಸಿಯಾ ಇದ್ದರೂ ಇಂಗ್ಲಿಷಷ್ಟೇ ಬರುವವರಿದ್ದಾರೆ. ಇಂಗ್ಲಿಷ್ ಬಾರದ ಅಜ್ಜಿ ಎದುರಾದರೆ ದನಿ ಏರಿಸಬೇಡಿ, ನಿಧಾನವಾಗಿ ಹೇಳಿ. ಗುಂಪಿನಲ್ಲಿ ಒಬ್ಬರಿಗೆ ಸ್ಪ್ಯಾನಿಷ್ ಬರದಿದ್ದರೆ, ಎಲ್ಲರಿಗೂ ತಿಳಿಯುವ ಭಾಷೆಗೆ ಬನ್ನಿ.

ಇಲ್ಲಿ ಭಾಷೆ ನೋವಿನ ವಿಷಯವೂ ಹೌದು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಕೌಂಟಿ ಸರ್ಕಾರ ದುಡ್ಡು ಖರ್ಚು ಮಾಡಬಾರದು ಅಂತ 1980ರಲ್ಲಿ ಮತದಾರರೇ ಕಾನೂನು ತಂದರು. ರದ್ದಾಗಿದ್ದು 1993ರಲ್ಲಿ. ಆ ದಿನಗಳನ್ನು ಕಂಡ ಹಿರಿಯರಿಗೆ ‘ಇಂಗ್ಲಿಷಲ್ಲಿ ಮಾತಾಡಿ’ ಅಂತ ದಯವಿಟ್ಟು ಹೇಳಬೇಡಿ.